ಉದಾರವಾದಿಯ ಮನೆಯಲ್ಲಿ ಪಿಸ್ತೂಲು

ಹಾಸನದ ಓದುಗರೊಬ್ಬರ ಪತ್ರದ ಸಾರ: “ಟೆಕ್ಸಸ್‌ನಲ್ಲಿರುವ ನನ್ನ ಮಗಳು ಈಗ ಅಮೆರಿಕದ ಪ್ರಜೆ. ಗರ್ಭಪಾತ, ವಲಸೆ, ಸಲಿಂಗ ವಿವಾಹ, ಎಲ್ಲದರಲ್ಲೂ ಡೆಮಾಕ್ರಟರ ಕಡೆ. ಇತ್ತೀಚೆಗೆ ಪಿಸ್ತೂಲು ಕೊಂಡಿದ್ದಾಳೆ. ಕೇಳಿದರೆ ಅದೂ ಹಕ್ಕೇ ಅನ್ನುತ್ತಾಳೆ. ಇದು ಇಬ್ಬಗೆಯ ನಡೆಯಲ್ಲವೇ? ಮನೆಯಲ್ಲಿ ಆರು ವರ್ಷದ ಮೊಮ್ಮಗನಿದ್ದಾನೆ. ಎಚ್-1ಬಿ ವೀಸಾದಲ್ಲಿ ಹೋದ ನನ್ನ ಮಗನೂ ಅವಳ ಜೊತೆಗೇ ಇದ್ದಾನೆ.”

ಸಂಪಾದಕರ ಉತ್ತರ:

ಇಬ್ಬಗೆಯಲ್ಲ. ಬಂದೂಕಿನ ಹಕ್ಕು ಬಲಪಂಥದವರ ಸ್ವತ್ತು ಎಂದು ಇವತ್ತಿನ ಟಿವಿ ಚರ್ಚೆ ನೋಡಿದವರಿಗೆ ಅನಿಸುತ್ತದೆ, ನಿಜ. ಆದರೆ ಆ ದೇಶದಲ್ಲಿ ಯಾರ ಕೈಯಿಂದ ಬಂದೂಕು ಕಿತ್ತುಕೊಂಡರು ಎಂದು ನೋಡಿದರೆ ಚಿತ್ರವೇ ಬೇರೆ. 1865ರಲ್ಲಿ ಅಂತರ್ಯುದ್ಧ ಮುಗಿದ ಬೆನ್ನಿಗೇ ಮಿಸಿಸಿಪ್ಪಿ ರಾಜ್ಯ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿತು. 1956ರಲ್ಲಿ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬು ಬಿತ್ತು. ಆಮೇಲೆ ಅವರು ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕಿದರು, ಅಧಿಕಾರಿಗಳು ಕೊಡಲಿಲ್ಲ. (ಕಿಂಗ್ ಮುಂದೆ ಬಂದೂಕನ್ನೇ ಬಿಟ್ಟರು. ಅದನ್ನು ಮುಚ್ಚಿಟ್ಟು ವಾದ ಮಾಡುವುದು ತರವಲ್ಲ.) 1967ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯ ಯುವಕರು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಗುಂಡು ತುಂಬಿದ ಬಂದೂಕು ಹಿಡಿದು ಪೊಲೀಸರ ಹಿಂದೆ ಗಸ್ತು ತಿರುಗಿದಾಗ, ಅದನ್ನು ನಿಷೇಧಿಸುವ ಮಲ್ಫರ್ಡ್ ಕಾಯ್ದೆಗೆ ಸಹಿ ಹಾಕಿದವರು ಆ ರಾಜ್ಯದ ರಿಪಬ್ಲಿಕನ್ ಗವರ್ನರ್ ರೊನಾಲ್ಡ್ ರೇಗನ್.

2022ರ ಬ್ರೂಯೆನ್ ಪ್ರಕರಣ ಇದಕ್ಕಿಂತ ಹೆಚ್ಚು ಕಣ್ಣು ತೆರೆಸುತ್ತದೆ. ತಕ್ಕ ಕಾರಣ ತೋರಿಸಿದವರಿಗೆ ಮಾತ್ರ ಮನೆಯ ಹೊರಗೆ ಪಿಸ್ತೂಲು ಒಯ್ಯುವ ಪರವಾನಗಿ ಎಂಬ ನ್ಯೂಯಾರ್ಕಿನ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ ಅಲ್ಲಿ ತಳ್ಳಿಹಾಕಿತು. ಆ ನಿಯಮದ ವಿರುದ್ಧ ಕೋರ್ಟಿಗೆ ಬರೆದುಕೊಟ್ಟವರಲ್ಲಿ ಬಡವರ ಪರ ವಾದಿಸುವ ನ್ಯೂಯಾರ್ಕಿನ ಸಾರ್ವಜನಿಕ ವಕೀಲರೂ ಇದ್ದರು. ಪರವಾನಗಿಯಿಲ್ಲದ ಬಂದೂಕಿಗಾಗಿ ಜೈಲು ಸೇರುತ್ತಿದ್ದವರು ಬಹುಪಾಲು ತಮ್ಮ ಕಪ್ಪು ಮತ್ತು ಲ್ಯಾಟಿನೊ ಕಕ್ಷಿದಾರರೇ ಎಂಬುದು ಅವರ ವಾದ. ನಿಮ್ಮ ಮಗಳ ನಿಲುವಿನ ಬೇರು ಇಲ್ಲಿದೆ: ಯಾರು ನಂಬಿಕಸ್ಥರು ಎಂದು ಪೊಲೀಸ್ ಅಧಿಕಾರಿಯ ಮರ್ಜಿ ತೀರ್ಮಾನಿಸಬಾರದು.

ನಮ್ಮಲ್ಲೂ ಈ ಚರ್ಚೆ ನಡೆದಿದೆ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ರಚನಾ ಸಭೆಯ ಸದಸ್ಯ ಎಚ್.ವಿ. ಕಾಮತ್ 1948ರ ಡಿಸೆಂಬರಿನಲ್ಲಿ ಅದನ್ನು ಸಂವಿಧಾನಕ್ಕೆ ಸೇರಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ.

ಹಕ್ಕು ಸರಿ ಎಂದಮಾತ್ರಕ್ಕೆ ತಪಾಸಣೆ ಬೇಡ ಎಂದಾಗುವುದಿಲ್ಲ, ಈ ವಿಷಯದಲ್ಲಿ ನಮಗೆ ಅನುಮಾನವೇ ಇಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ಕೊಳ್ಳುವವರು 4473 ಎಂಬ ಫಾರಂ ತುಂಬಬೇಕು, ಅಂಗಡಿಯವರು ಎಫ್‌ಬಿಐ ಮೂಲಕ ಹಿನ್ನೆಲೆ ನೋಡಿಸಬೇಕು. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಸಾಮಾನ್ಯವಾಗಿ ಅಂಗಡಿಯವರು ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಈ ಸಂದಿನಲ್ಲೇ. ಟೆಕ್ಸಸ್‌ನಲ್ಲಿ ಖಾಸಗಿಯಾಗಿ ಒಬ್ಬರಿಂದೊಬ್ಬರು ಕೊಂಡರೆ ಆ ತಪಾಸಣೆಯೂ ಕಡ್ಡಾಯವಲ್ಲ. ಎರಡು ಸಂದುಗಳನ್ನೂ ಮುಚ್ಚಿ ಎಂದು ಬಂದೂಕು ಇಟ್ಟುಕೊಂಡವರೇ ಗಟ್ಟಿಯಾಗಿ ಕೇಳಬೇಕು.

ಈಗ ನಿಮ್ಮ ಮಗನ ವಿಷಯ. ಇದು ತುರ್ತಿನದು. ಎಚ್-1ಬಿ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೊಳ್ಳುವಂತಿಲ್ಲ, ವಶದಲ್ಲಿಟ್ಟುಕೊಳ್ಳುವಂತೆಯೂ ಇಲ್ಲ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಹಿಡಿಯುವುದೂ ಇದರಲ್ಲೇ ಬರುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಉಳಿದವರು ಸಿಕ್ಕಿಬಿದ್ದರೆ 15 ವರ್ಷದವರೆಗೂ ಜೈಲು, ಮೇಲೆ ಗಡೀಪಾರು. ಆದ್ದರಿಂದ ಪಿಸ್ತೂಲಿಟ್ಟ ಪೆಟ್ಟಿಗೆಯ ಬೀಗದ ಸಂಖ್ಯೆ ನಿಮ್ಮ ಮಗನಿಗೆ ತಿಳಿದಿರಬಾರದು. ಅಕ್ಕ ತಮ್ಮನಿಗಾಗಿ ತನ್ನ ಹೆಸರಿನಲ್ಲಿ ಕೊಂಡುಕೊಡುವುದು ಪ್ರತ್ಯೇಕ ಅಪರಾಧ.

ಮೊಮ್ಮಗನಿರುವ ಮನೆಯಲ್ಲಿ ಪಿಸ್ತೂಲನ್ನು ಖಾಲಿ ಮಾಡಿಯೇ ಬೀಗ ಹಾಕಬೇಕು. ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಮೊದಲು ಮ್ಯಾಗಜೀನ್ (ಗುಂಡುಗಳನ್ನು ತುಂಬಿಡುವ ಡಬ್ಬಿ) ಹೊರತೆಗೆಯಬೇಕು. ಆಮೇಲೆ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಹಿಂದಕ್ಕೆಳೆದು ಚೇಂಬರಿನಲ್ಲಿರುವ (ಹಾರಲು ಸಿದ್ಧವಾಗಿ ಗುಂಡು ಕೂರುವ ಜಾಗ) ಗುಂಡನ್ನು ಬೀಳಿಸಿ, ಸ್ಲೈಡನ್ನು ಅಲ್ಲೇ ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಕ್ರಮ ಹಿಂದುಮುಂದಾದರೆ ಅಪಾಯ: ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಚೇಂಬರಿಗೇರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೂ ಹೆಚ್ಚಿನ ಪಿಸ್ತೂಲುಗಳು ಆ ಒಂದು ಗುಂಡನ್ನು ಹಾರಿಸಿಯೇ ಹಾರಿಸುತ್ತವೆ. ‘ಖಾಲಿ ಇತ್ತು’ ಎನ್ನುವ ಅವಘಡಗಳಲ್ಲಿ ಹಲವು ಹೀಗೇ ಆಗುವಂಥವು. ಅಂಗಡಿಯಲ್ಲಿ ಕೊಡುವ ತಂತಿ ಬೀಗವಾದರೆ ಅದನ್ನು ಗುಂಡು ಹೊರಬೀಳುವ ಕಿಂಡಿಯಿಂದ ತೂರಿಸಿ, ಮ್ಯಾಗಜೀನಿನ ಜಾಗದಿಂದ ಹೊರಗೆಳೆದು ಹಾಕಬೇಕು. ಗುಂಡುಗಳಿಗೆ ಬೇರೆ ಬೀಗ, ಬೇರೆ ಜಾಗ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನ ಮಗುವಿಗೆ ಗುಂಡು ತುಂಬಿದ ಬಂದೂಕು ದಕ್ಕುವಂತೆ ಬಿಡುವುದೇ ಅಪರಾಧ.

ಕಳ್ಳನಿಗಿಂತ ಹೆಚ್ಚು ಹೆದರಬೇಕಾದ ಸಂಗತಿ ಇನ್ನೊಂದಿದೆ. 2022ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ ಸುಮಾರು 48,000 ಜನರಲ್ಲಿ 27,000ದಷ್ಟು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಮನೆಯಲ್ಲಿ ಯಾರಾದರೂ ಖಿನ್ನರಾಗಿದ್ದರೆ, ಕೆಲಸ ಕಳೆದುಕೊಂಡು ಕಂಗೆಟ್ಟಿದ್ದರೆ, ಅವರು ಚೇತರಿಸಿಕೊಳ್ಳುವವರೆಗೆ ಪಿಸ್ತೂಲು ಆ ಮನೆಯಲ್ಲಿ ಇರಬಾರದು. ಕಾನೂನುಬದ್ಧವಾಗಿ ಇಟ್ಟುಕೊಳ್ಳಬಲ್ಲ ಗೆಳತಿಯ ಬಳಿ, ಅಥವಾ ಇಟ್ಟುಕೊಳ್ಳಲು ಒಪ್ಪುವ ಲೈಸೆನ್ಸ್ ಅಂಗಡಿಯಲ್ಲಿ ಬಿಟ್ಟುಬರಲಿ. ಈ ಮಾತನ್ನು ಮಗಳಿಗೆ ಇವತ್ತೇ ಫೋನ್ ಮಾಡಿ ಹೇಳಿ.