ಓದುಗರ ಪ್ರಶ್ನೆ: ಗೋಸಾಯಿಕುಂಡಕ್ಕೆ ಎಷ್ಟು ದಿನ ಬೇಕು?

ಕಳೆದ ಸಂಚಿಕೆಯಲ್ಲಿ ನೇಪಾಳದ ಗೋಸಾಯಿಕುಂಡದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಲಾಂಗ್‌ಟಾಂಗ್ ರಾಷ್ಟ್ರೀಯ ಉದ್ಯಾನದೊಳಗೆ 4,380 ಮೀಟರ್ ಎತ್ತರದಲ್ಲಿರುವ ಶಿವನ ಕೊಳ ಅದು, ಎವರೆಸ್ಟ್ ಕಡೆಯ ನೂಕುನುಗ್ಗಲು ಇಲ್ಲಿಲ್ಲ ಅಂತ. ಪತ್ರಗಳು ಬಂದಿವೆ. ಮುಕ್ಕಾಲುಪಾಲು ಒಂದೇ ಪ್ರಶ್ನೆ, ಹಾಗಾಗಿ ಅದೇ ಮೊದಲು.

ನಾನು ವಾರಕ್ಕೆ ಐದು ದಿನ ಓಡುತ್ತೇನೆ. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ಧುಂಚೆಯಿಂದ ಎರಡೇ ದಿನದಲ್ಲಿ ಕೊಳ ಮುಟ್ಟಬಹುದಂತೆ. ಐದು ದಿನದ ರಜೆ ಸಾಕಾ? — ಬೆಂಗಳೂರು

ಮುಟ್ಟಬಹುದು. ಅಲ್ಲಿ ರಾತ್ರಿ ಮಲಗಬಹುದಾ ಅನ್ನೋದೇ ಪ್ರಶ್ನೆ. ಧುಂಚೆ ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರ. ಅಂದರೆ ನಮ್ಮ ರಾಜ್ಯದ ತುತ್ತತುದಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ದಾರಿ ಶುರು. ಮೊದಲ ದಿನವೇ ಸುಮಾರು 1,300 ಮೀಟರ್ ಏರಿ 3,330 ಮೀಟರಿನ ಚಂದನಬಾರಿ, ಆಮೇಲೆ 3,900ರ ಲೌರಿಬಿನಾ, ಅದರ ಮೇಲೆ ಕೊಳ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ 60ರಷ್ಟು ಮಾತ್ರ. ಕಾಲಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಜ ಹೇಳಬೇಕೆಂದರೆ ಗಟ್ಟಿ ಕಾಲಿನವರೇ ಜಾಸ್ತಿ ಸಿಕ್ಕಿಬೀಳುವುದು, ಅವರು ಬೇಗ ಬೇಗ ಮೇಲಕ್ಕೆ ಹೋಗಿಬಿಡುತ್ತಾರಲ್ಲ.

ನಾನೂ ಮೊದಲ ಸಲ ಹಾಗೇ ಮಾಡಿದೆ. ಚಂದನಬಾರಿಯಲ್ಲಿ ಒಂದೇ ರಾತ್ರಿ ಮಲಗಿ ಲೌರಿಬಿನಾಕ್ಕೆ ಹೋದೆ, ಸಂಜೆ ತಲೆನೋವು ಶುರುವಾಯಿತು, ಟೀ ಕುಡಿದರೆ ಸರಿಹೋಗುತ್ತದೆ ಅಂತ ಸುಮ್ನೆ ಕೂತೆ, ರಾತ್ರಿ ಎರಡು ಸಲ ವಾಂತಿ. ಬೆಳಗ್ಗೆ ಎದ್ದು ನೋಡಿದರೆ ಗಣೇಶ್ ಹಿಮಾಲ್ ಬೆಳ್ಳಗೆ ನಿಂತಿದೆ, ಕೊಳ ಇನ್ನು ಕೆಲವೇ ಗಂಟೆ ದೂರ, ಗೈಡ್ ಮಾತ್ರ ನನ್ನ ಬ್ಯಾಗನ್ನು ಕೆಳಗಿನ ದಾರಿಯ ಕಡೆ ಇಟ್ಟಿದ್ದಾನೆ. ಸಿಟ್ಟು ಬಂತು. ಆದರೆ ಚಂದನಬಾರಿ ತಲುಪುವಷ್ಟರಲ್ಲಿ ತಲೆನೋವು ಹೋಗಿತ್ತು, ಹೊಟ್ಟೆ ಹಸಿಯುತ್ತಿತ್ತು. ಕೊಳ ನೋಡಿದ್ದು ಮುಂದಿನ ವರ್ಷ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಮೇಲೇರಬಾರದು, ಅದು ಸಾಮಾನ್ಯ ಲೆಕ್ಕ. ಈ ದಾರಿಯಲ್ಲಿ ಕೊನೆಯ ಎರಡು ದಿನ ಅದಕ್ಕಿಂತ ತುಸು ಹೆಚ್ಚೂಕಮ್ಮಿ ಆಗುತ್ತದೆ. ಅದಕ್ಕೇ ಚಂದನಬಾರಿಯಲ್ಲಿ ಎರಡು ರಾತ್ರಿ ಇರಿ. ಅಲ್ಲಿ ಚೀಸ್ ಮಾಡುವ ಕಡೆ ಹೋಗಿ, ಹಗಲು ಒಂದಿಷ್ಟು ಮೇಲೆ ಹತ್ತಿ, ವಾಪಸ್ ಬಂದು ಮಲಗಿ. ಕಠ್ಮಂಡುವಿನಿಂದ ಕಠ್ಮಂಡುವಿಗೆ ಎಂಟು ದಿನ, ಕೈಯಲ್ಲಿ ಇನ್ನೊಂದು ದಿನ. ಐದೇ ದಿನ ಅಂದರೆ ಈ ಸಲ ಬೇರೆಲ್ಲಾದರೂ ಹೋಗಿ. ಎತ್ತರದ ಕಾಯಿಲೆ ತಡೆಯಲು ಡೈಯಾಮಾಕ್ಸ್ ಮಾತ್ರೆ ಇದೆಯಲ್ಲ ಅಂತ ಇನ್ನು ಕೆಲವರು ಬರೆದಿದ್ದಾರೆ. ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ, ಸಲ್ಫಾ ಔಷಧ ಆಗದವರು ಆ ಮಾತು ಮೊದಲೇ ಹೇಳಿ. ಆದರೆ ಅದು ರಜೆ ಉಳಿಸುವ ಮಾತ್ರೆ ಅಲ್ಲ.

2024ರ ಸಹಸ್ರತಾಲ್ ಘಟನೆ ಆದಮೇಲೆ ಹಿಮಾಲಯ ಅಂದರೆ ಮನೆಯಲ್ಲಿ ಬೇಡವೇ ಬೇಡ ಅನ್ನುತ್ತಾರೆ. ಏನು ಹೇಳಲಿ? — ದಾವಣಗೆರೆ

ಅವರ ಭಯ ಸುಳ್ಳಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಿ. ಆ ಜೂನ್‌ನಲ್ಲಿ ಕರ್ನಾಟಕದಿಂದ ಉತ್ತರಾಖಂಡಕ್ಕೆ ಹೋಗಿದ್ದ, ಗೈಡ್‌ಗಳೂ ಸೇರಿ 22 ಜನರಿದ್ದ ತಂಡ ಸಹಸ್ರತಾಲ್ ಕೊಳ ನೋಡಿ ಹಿಂತಿರುಗುವಾಗ ಹಿಮಗಾಳಿಗೆ ಸಿಕ್ಕಿತು, 9 ಜನ ವಾಪಸ್ ಬರಲಿಲ್ಲ. ಅನುಭವ ಇದ್ದವರೇ ಹೋಗಿದ್ದರು. ಸಹಸ್ರತಾಲ್ ದಾರಿಯಲ್ಲಿ ಮೇಲೆ ಮನೆಯಿಲ್ಲ ಮಠವಿಲ್ಲ, ಟೆಂಟೇ ಗತಿ. ಗೋಸಾಯಿಕುಂಡದ ದಾರಿಯಲ್ಲಿ ಕೆಲವು ಗಂಟೆಗೊಂದು ಟೀಹೌಸ್ ಇದೆ, ಸೂರು ಇದೆ, ಒಲೆ ಇದೆ. ಹಾಗಂತ ಮೋಡ ಕಟ್ಟಿದಾಗ ಹೊರಡಬೇಕು ಅಂತಲ್ಲ. ಗೋಸಾಯಿಕುಂಡ ದಾಟಿ 4,610 ಮೀಟರಿನ ಲೌರಿಬಿನಾ ಲಾ ಎಂಬ ಕಣಿವೆದಾರಿಯಿಂದ (ಕೆಳಗಿನ ಲೌರಿಬಿನಾ ತಂಗುದಾಣವೇ ಬೇರೆ) ಹೆಲಂಬು ಕಡೆ ಇಳಿಯುವ ಆಸೆ ಇದ್ದರಂತೂ ಹಿಮ ಬಿದ್ದ ದಿನ ಅದನ್ನು ಬಿಡಿ. ಆ ಕೈಯಲ್ಲಿರುವ ಒಂದು ದಿನ ಅಂದೆನಲ್ಲ, ಅದು ಒಲೆ ಪಕ್ಕ ಸುಮ್ಮನೆ ಕೂರುವುದಕ್ಕೆ. ಮನೆಯವರಿಗೆ ಆ ದಿನದ ಬಗ್ಗೆ ಹೇಳಿ, ಒಪ್ಪಬಹುದು.

ಯಾವ ತಿಂಗಳಲ್ಲಿ ಜನ ಕಡಿಮೆ? ಇಂಬಳ ಇರುತ್ತದಾ? — ಸಾಗರ

ಹೋಗಲು ಒಳ್ಳೆಯ ಕಾಲ ಮಾರ್ಚ್ ಕೊನೆಯಿಂದ ಮೇ, ಮತ್ತೆ ಅಕ್ಟೋಬರ್, ನವೆಂಬರ್. ಏಪ್ರಿಲ್‌ನಲ್ಲಿ ಚಂದನಬಾರಿಯ ಕೆಳಗಿನ ಕಾಡಿನಲ್ಲಿ ಲಾಲಿಗುರಾಸ್ ಹೂ ಕೆಂಪಗೆ ಬಿಟ್ಟಿರುತ್ತದೆ. ಮಳೆಗಾಲದಲ್ಲಿ ಇಂಬಳ ಧಾರಾಳ, ಸಾಗರದವರಿಗೆ ನಾನೇನು ಹೇಳಲಿ! ಜನ ಬೇಡ ಅನ್ನುವವರು ಜನೈ ಪೂರ್ಣಿಮೆಗೆ ಮಾತ್ರ ಹೋಗಬೇಡಿ. ಅದೇ ನಮ್ಮ ನೂಲಹುಣ್ಣಿಮೆ. ಸಾವಿರಾರು ಜನ, ತಮಾಂಗ್ ಜನಾಂಗದ ಮಾಂತ್ರಿಕರಾದ ಝಾಂಕ್ರಿಗಳು ಡೋಲು ಬಾರಿಸುತ್ತಾ ಕುಣಿಯುತ್ತಾ ಹತ್ತುತ್ತಾರೆ, ಮಲಗಲು ಜಾಗ ಇರುವುದಿಲ್ಲ. ನನಗೆ ಕೇಳಿದರೆ ಒಂದು ಸಲ ಆ ಗಲಾಟೆಯನ್ನೂ ನೋಡಬೇಕು.

ವೀಸಾ, ಪರ್ಮಿಟ್? — ಹುಬ್ಬಳ್ಳಿ

ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಆಧಾರ್ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಉದ್ಯಾನದ ಪ್ರವೇಶ ಪರ್ಮಿಟ್‌ನಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಕೇಳಿ ಪಡೆಯಿರಿ. 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರು ಗೈಡ್ ಜೊತೆಗೇ ಹೋಗಬೇಕು ಅಂತ ನೇಪಾಳ ನಿಯಮ ಮಾಡಿದೆ. ನನ್ನ ಬ್ಯಾಗನ್ನು ಕೆಳಗೆ ತಿರುಗಿಸಿದವನು ನೆನಪಿದ್ದಾನಲ್ಲ?

ಕೊಳದಲ್ಲಿ ಮುಳುಗು ಹಾಕಬಹುದಾ? — ಉಡುಪಿ

ಹಾಕುವವರು ಹಾಕುತ್ತಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರು ಅದು. ಬಿಸಿಲಿರುವಾಗ, ಒಣ ಬಟ್ಟೆ ಕೈಗೆ ಸಿಗುವಂತಿಟ್ಟುಕೊಂಡು, ಒಂದೇ ಮುಳುಗು. ತಲೆನೋವಿದ್ದರೆ ಮೂರು ಹನಿ ತಲೆಗೆ ಪ್ರೋಕ್ಷಿಸಿಕೊಂಡು ಇಳಿಯಿರಿ. ಸೋಪು, ಊದುಬತ್ತಿ ಕವರ್ ಅಲ್ಲಿ ಬಿಡಬೇಡಿ. ಈ ಕೊಳಗಳ ಗುಂಪು 2007ರಿಂದ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದೆ, ಇಲ್ಲಿಯ ನೀರು ತ್ರಿಶೂಲಿ ನದಿಗೆ ಹೋಗುತ್ತದೆ, ಕೆಳಗೆ ಅದನ್ನು ಕುಡಿಯುವವರಿದ್ದಾರೆ.

ಅಮ್ಮನಿಗೆ 71, ಬಿ.ಪಿ. ಇದೆ. ನಮ್ಮೂರಿನ ದೇವರೇ ಅಲ್ಲಿದ್ದಾನೆ, ಹೆಲಿಕಾಪ್ಟರಿನಲ್ಲಾದರೂ ಕರೆದುಕೊಂಡು ಹೋಗು ಅನ್ನುತ್ತಿದ್ದಾರೆ. — ನಂಜನಗೂಡು

ಅಮ್ಮ ಹೇಳಿದ್ದು ಸರಿಯಾಗೇ ಇದೆ. ಹಾಲಾಹಲ ಕುಡಿದ ಶಿವ ಗಂಟಲ ಉರಿ ತಡೆಯಲಾಗದೆ ಬೆಟ್ಟಕ್ಕೆ ತ್ರಿಶೂಲ ಚುಚ್ಚಿ ನೀರು ಬರಿಸಿದ, ಆ ನೀರೇ ಗೋಸಾಯಿಕುಂಡ, ಅಂತ ಅಲ್ಲಿಯ ಕತೆ. ನಂಜುಂಡನೇ ಅವನು. ಆದರೆ ಹೆಲಿಕಾಪ್ಟರ್ ಬೇಡ. 1,400 ಮೀಟರಿನ ಕಠ್ಮಂಡುವಿನಿಂದ ಒಂದೇ ಏಟಿಗೆ ಅಷ್ಟು ಮೇಲೆ ಇಳಿಸಿದರೆ ದೇಹಕ್ಕೆ ಹೊಂದಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ.

ಬದಲಿಗೆ ಅಮ್ಮನನ್ನು ಪಾಟನ್‌ಗೆ ಕರೆದುಕೊಂಡು ಹೋಗಿ. ಕಠ್ಮಂಡುವಿನ ಪಕ್ಕದ ಊರು, ಟ್ಯಾಕ್ಸಿಯಲ್ಲೇ ಹೋಗಬಹುದು. ಅಲ್ಲಿ ಐದು ಅಂತಸ್ತಿನ ಕುಂಭೇಶ್ವರ ದೇವಸ್ಥಾನವಿದೆ. ಅದರ ಕೊಳಕ್ಕೆ ನೆಲದಡಿಯಿಂದ ಗೋಸಾಯಿಕುಂಡದ ನೀರೇ ಬರುತ್ತದೆ ಅಂತ ಜನ ನಂಬುತ್ತಾರೆ, ಬೆಟ್ಟ ಹತ್ತಲಾಗದವರು ನೂಲಹುಣ್ಣಿಮೆ ದಿನ ಸೇರುವುದು ಅಲ್ಲೇ. ಮರುದಿನ ಪಶುಪತಿನಾಥ. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು. ಅಮ್ಮ ಕನ್ನಡದಲ್ಲಿ ಒಂದು ಮಾತು ಆಡಿಸಿ ನೋಡಲಿ.