ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎಷ್ಟು ಬಗೆ? ಮಂಡ್ಯದ ಪಿಯುಸಿ ವಿದ್ಯಾರ್ಥಿ ಯಾವುದರಿಂದ ಆರಂಭಿಸಬೇಕು?

ಪ್ರೊಸೆಸರ್‌ಗೆ ನೇರವಾಗಿ ತಿಳಿಯುವುದು ಸೊನ್ನೆ ಮತ್ತು ಒಂದುಗಳ ಯಂತ್ರಭಾಷೆ ಮಾತ್ರ. ಅದನ್ನೇ ಚಿಕ್ಕ ಸಂಕೇತಪದಗಳಲ್ಲಿ ಬರೆಯುವುದು ಅಸೆಂಬ್ಲಿ ಭಾಷೆ. 1957ರಲ್ಲಿ ಐಬಿಎಂ ಹೊರತಂದ ಫೋರ್ಟ್ರಾನ್‌ನ ನಂತರ, ಗಣಿತದ ಸೂತ್ರಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ ಬರೆಯಬಹುದಾದ ಉನ್ನತ ಸ್ತರದ ಭಾಷೆಗಳು ವ್ಯಾಪಕವಾದವು.

ಇವುಗಳೊಳಗಿನ ಭೇದವೇ ನಿಜಕ್ಕೂ ಸ್ವಾರಸ್ಯಕರವಾದದ್ದು. ಮಂಡ್ಯದ ಸಕ್ಕರೆ ಕಾರ್ಖಾನೆಯೊಂದಕ್ಕೆ 50 ಟನ್‌ಗಿಂತ ಹೆಚ್ಚು ಕಬ್ಬು ಕೊಟ್ಟ ರೈತರ ಪಟ್ಟಿ ಬೇಕೆಂದುಕೊಳ್ಳಿ. ಸಿ ಭಾಷೆಯಲ್ಲಾದರೆ ಪ್ರತಿ ದಾಖಲೆಯನ್ನು ಓದಿ, ತೂಕವನ್ನು ಹೋಲಿಸಿ, ಹೆಸರನ್ನು ಮುದ್ರಿಸುವ ಕ್ರಮವನ್ನು ಹಂತಹಂತವಾಗಿ ನಾವೇ ಬರೆಯಬೇಕು. ಜಾವಾದಲ್ಲಿ ‘ರೈತ’ ಎಂಬ ಕ್ಲಾಸ್ ರಚಿಸಿ, ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ಅದರೊಳಗೆ ಒಟ್ಟಿಗೆ ಇಡುತ್ತೇವೆ. ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಯಲ್ಲಿ ಇಡೀ ಪಟ್ಟಿಯನ್ನು ಒಂದು ಫಂಕ್ಷನ್ (ಕೊಟ್ಟ ಮಾಹಿತಿಯಿಂದ ಫಲಿತಾಂಶ ಕೊಡುವ ಸೂತ್ರ) ಮೂಲಕ ಸೋಸುತ್ತೇವೆ. ಡೇಟಾಬೇಸ್‌ನಿಂದ, ಅಂದರೆ ಜೋಡಿಸಿಟ್ಟ ಮಾಹಿತಿ ಸಂಗ್ರಹದಿಂದ, ಬೇಕಾದ್ದನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಯಾವ ದಾಖಲೆಗಳು ಬೇಕೆಂದು ಹೇಳಿದರೆ ಸಾಕು, ಹುಡುಕುವ ದಾರಿಯನ್ನು ಡೇಟಾಬೇಸೇ ನಿರ್ಧರಿಸುತ್ತದೆ.

ಪ್ರೋಗ್ರಾಂ ಅನ್ನು ಮೊದಲೇ ಪೂರ್ತಿ ಅನುವಾದಿಸುವ ಕಂಪೈಲರ್, ಅದನ್ನು ಓದುತ್ತಲೇ ನಡೆಸುವ ಇಂಟರ್‌ಪ್ರಿಟರ್ ಎಂಬ ವಿಭಜನೆಯನ್ನು ಭಾಷೆಯ ಗುಣವೆಂದು ಕಲಿಸುವುದುಂಟು; ವಾಸ್ತವವಾಗಿ ಅದು ಭಾಷೆಯನ್ನು ಯಂತ್ರದಲ್ಲಿ ನಡೆಸುವ ವಿಧಾನಕ್ಕೆ ಸಂಬಂಧಿಸಿದ್ದು, ಒಂದೇ ಭಾಷೆಗೆ ಎರಡೂ ಇರಬಹುದು.

ಹಂತಹಂತದ ಶೈಲಿ, ಕ್ಲಾಸ್‌ಗಳ ಶೈಲಿ, ಫಂಕ್ಷನಲ್ ಶೈಲಿ ಮೂರನ್ನೂ ಒಂದರಲ್ಲೇ ಪ್ರಯತ್ನಿಸಬಹುದಾದ್ದರಿಂದ, ಆರಂಭಕ್ಕೆ ಪೈಥಾನ್ ಅನ್ನು, ಅದರ ಜೊತೆಜೊತೆಗೇ ಎಸ್‌ಕ್ಯೂಎಲ್ ಅನ್ನು ಸೂಚಿಸುತ್ತೇನೆ.