ಇಳಿಯೋ ಹೊತ್ತಲ್ಲಿ ಗಾಳಿ ಬಡಿದ್ರೆ ಚಿಕ್ಕ ವಿಮಾನ ಯಾಕೆ ಬೀಳತ್ತೆ?

ಪ್ರಶ್ನೆ: ಸರ್, ನನ್ನ ಮಗ ಪೈಲಟ್ ಟ್ರೇನಿಂಗ್‌ಗೆ ಸೇರಿದಾನೆ, ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಹಾರಿಸ್ತಾನೆ. ಗಾಳಿ ಜೋರಿದ್ದ ದಿನ ಫೋನ್ ಮಾಡಿ "ಅಮ್ಮಾ, ಇವತ್ತು ಲ್ಯಾಂಡಿಂಗಲ್ಲಿ ಬೆವರಿಳೀತು" ಅಂತಾನೆ. ಇಂಜಿನ್ ಸರಿ ಇದ್ರೂ ಗಾಳಿ ವಿಮಾನಾನ ಎತ್ತಿ ಒಗೆಯತ್ತಾ?
– ಒಬ್ಬ ತಾಯಿ, ಹಾಸನ

ಉತ್ತರ: ಗಾಳಿನೇ ಎತ್ತಿ ಒಗೆಯೋದು ಕಮ್ಮಿ ಮೇಡಂ. ಸ್ಪೀಡ್ ಇಲ್ದಿರೋವಾಗ ಮೂತಿ ಜಾಸ್ತಿ ಎತ್ತಿದ್ರೆ ರೆಕ್ಕೆ ಮೇಲಿನ ಗಾಳಿ ಹರಿವು ಕೆಟ್ಟೋಗತ್ತೆ, ಅದೇ ಸ್ಟಾಲ್, ಇಂಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ. 172 ಫುಲ್ ಫ್ಲ್ಯಾಪ್ (ಕಮ್ಮಿ ಸ್ಪೀಡಲ್ಲೂ ವಿಮಾನ ಎತ್ತಿಹಿಡಿಯೋಕೆ ರೆಕ್ಕೆ ಹಿಂದೆ ಇಳಿಸೋ ಪಟ್ಟಿ) ಹಾಕಿ ಇಳಿಯೋವಾಗ ಸುಮಾರು 65 ನಾಟ್‌ನಲ್ಲಿ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿ.ಮೀ.) ಬರತ್ತೆ, ಸ್ಟಾಲ್ ಆಗೋದು 40ರ ಹತ್ರ. 25 ನಾಟ್ ಇದ್ದ ಎದುರುಗಾಳಿ ದಿಢೀರ್ ಅಂತ 15ಕ್ಕೆ ಇಳಿದ್ರೆ ಸ್ಪೀಡ್ ಮುಳ್ಳೂ ಹಂಗೇ 10 ಕೆಳಗೆ, ಯಾಕಂದ್ರೆ ಅದು ತೋರಿಸೋದು ಎದುರಿಂದ ಬಡಿಯೋ ಗಾಳಿಯ ವೇಗಾನ. ಅದಕ್ಕೇ ಗಾಳಿ 15, ಗಸ್ಟ್ (ದಿಢೀರ್ ಬೀಸೋ ಜೋರುಗಾಳಿ) 25 ಅಂತ ಏರ್‌ಪೋರ್ಟಿನ ಕಂಟ್ರೋಲ್ ಟವರ್ ಹೇಳಿದ್ರೆ ವ್ಯತ್ಯಾಸದ ಅರ್ಧ, ಅಂದ್ರೆ 5 ನಾಟ್, ಜಾಸ್ತಿ ಇಟ್ಕೊಂಡು ಬನ್ನಿ ಅಂತ ಕಲಿಸ್ತಾರೆ.

ನನಗೆ ಇದಕ್ಕಿಂತ ಭಯ ರನ್‌ವೇ ಕಡೆ ತಿರುಗೋ ಕೊನೇ ತಿರುವಿಂದು. ಹಿಂದಿನ ಗಾಳಿ ತಳ್ಳಿ ರನ್‌ವೇ ನೇರ ದಾಟಿಹೋಯ್ತು ಅಂದ್ಕೊಳ್ಳಿ, ಹುಡುಗ್ರು ಗಾಬರೀಲಿ ಇನ್ನೂ ವಾಲಿಸ್ತಾರೆ, ಮೂತಿ ಎತ್ತೋಕೆ ಕಂಟ್ರೋಲ್ ಹಿಂದಕ್ಕೆಳೀತಾರೆ, ಅದೂ ಸಾಲ್ದು ಅಂತ ತಿರುಗ್ತಿರೋ ಕಡೆಗೇ ರಡ್ಡರ್ (ಮೂತಿ ಎಡಕ್ಕೆ ಬಲಕ್ಕೆ ತಿರುಗಿಸೋ ಬಾಲದ ಪಟ್ಟಿ, ಕಾಲಲ್ಲಿ ನಡೆಸೋದು) ಒತ್ತುತಾರೆ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿದ್ರೆ ಸ್ಟಾಲ್ ಸ್ಪೀಡ್ 41 ಪರ್ಸೆಂಟ್ ಏರತ್ತೆ, ರಡ್ಡರ್ ಬೇರೆ ಸೇರಿದ್ರೆ ಒಂದು ರೆಕ್ಕೆ ಮೊದ್ಲು ಕೈಕೊಟ್ಟು ಸ್ಪಿನ್, ಅಂದ್ರೆ ಗಿರಗಿರ ಸುತ್ತುತ್ತಾ ಬೀಳೋದು, 500 ಅಡಿಯಲ್ಲಿ ಅದನ್ನ ಬಿಡಿಸ್ಕೊಳ್ಳೋಕೆ ಜಾಗ ಎಲ್ಲಿದೆ?

2016ರ ಜೂನ್ 9ಕ್ಕೆ ಅಮೆರಿಕದ ಹ್ಯೂಸ್ಟನ್ ಹಾಬಿ ಏರ್‌ಪೋರ್ಟ್ ಹತ್ರ ಸಿರಸ್ ಎಸ್‌ಆರ್20 ಅನ್ನೋ ಚಿಕ್ಕ ವಿಮಾನ ಬಿದ್ದು 3 ಜನ ಹೋದ್ರು. ಗಾಳಿ ಬರೀ 13 ನಾಟ್, ಗಸ್ಟ್ 18, ಆದ್ರೆ ಅಡ್ಡಗಾಳಿ. ಜೊತೆಗೆ ಬೋಯಿಂಗ್‌ಗಳ ಮಧ್ಯೆ ಈ ಪುಟ್ಟ ವಿಮಾನ, ಟವರ್‌ನವ್ರು ರನ್‌ವೇ ಬದಲಿಸಿ ಸೂಚನೆ ಮೇಲೆ ಸೂಚನೆ ಕೊಡ್ತಾರೆ, ಪೈಲಟ್ ಎತ್ತರ ಜಾಸ್ತಿಯಾಗಿ ಮತ್ತೆ ಮತ್ತೆ ಗೋ-ಅರೌಂಡ್ (ಇಳಿಯದೆ ಮೇಲೇರಿ ಇನ್ನೊಂದು ಸುತ್ತು ಬರೋದು) ಮಾಡ್ತಾರೆ. ಕೊನೇ ಸಲ ಸ್ಪೀಡ್ ಬರೋ ಮುಂಚೇನೇ ಫ್ಲ್ಯಾಪ್ ಎತ್ತಿಬಿಟ್ರು, ಸ್ಟಾಲ್ ಆಗಿ ಸ್ಪಿನ್ ಆಗಿ ನಿಂತಿದ್ದ ಕಾರ್ ಮೇಲೆ ಬಂದು ಬಿತ್ತು. ಸಿರಸ್‌ನಲ್ಲಿ ಇಡೀ ವಿಮಾನಕ್ಕೇ ಪ್ಯಾರಾಶೂಟ್ ಇರತ್ತೆ, ಅಷ್ಟು ಕೆಳಗೆ ಅದೂ ಉಪಯೋಗಕ್ಕೆ ಬರಲ್ಲ. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಫ್ಲ್ಯಾಪ್ ವಿಷಯಾನ ಮುಖ್ಯ ಕಾರಣ ಅಂತು, ಟವರ್‌ನವ್ರ ಪಾಲೂ ಇದೆ, ಪೈಲಟ್ ಗಟ್ಟಿಯಾಗಿ ಮಾತಾಡ್ಲಿಲ್ಲ ಅಂತಾನೂ ಬರೀತು. ಟವರ್‌ಗೆ "ಆಗಲ್ಲ" ಅನ್ನೋಕೆ ನಮ್ಮ ಹುಡುಗ್ರಿಗೂ ಸಂಕೋಚ ಜಾಸ್ತಿ, ನಾನಂತೂ ಇದನ್ನ ದೊಡ್ಡ ಸಮಸ್ಯೆ ಅಂತೀನಿ.

ತಿರುವು ತಪ್ಪಿತಾ, ಎಳೆದು ಸರಿಮಾಡೋಕೆ ಹೋಗದೆ ಗೋ-ಅರೌಂಡ್: ಫುಲ್ ಥ್ರಾಟಲ್, ಮೂತಿ ಹತೋಟೀಲಿ, ಎಡಕ್ಕೆ ಎಳೆಯತ್ತೆ ಅಂತ ಬಲಗಾಲಲ್ಲಿ ರಡ್ಡರ್, ಸ್ಪೀಡ್ ಬರ್ತಾ ಬರ್ತಾ ಫ್ಲ್ಯಾಪ್ ಸ್ವಲ್ಪ ಸ್ವಲ್ಪಾನೇ ಮೇಲಕ್ಕೆ. 172 ಟೆಸ್ಟಲ್ಲಿ ಇಳಿಸಿ ತೋರಿಸಿರೋ ಅಡ್ಡಗಾಳಿ 15 ನಾಟ್, ಅದೂ ನುರಿತ ಪೈಲಟ್ ಕೈಲಿ. ಒಬ್ಬನೇ ಹಾರೋವಾಗ ನಿಮ್ಮ ಮಗನಿಗೆ ಇನ್‌ಸ್ಟ್ರಕ್ಟರ್ ಎಷ್ಟಕ್ಕೆ ಲಿಮಿಟ್ ಹಾಕಿದಾರೆ ಅಂತ ಮುಂದಿನ ಫೋನಲ್ಲಿ ಕೇಳಿ.